ಇಪ್ಪತ್ತೇಳನೆಯ ಕೊಳವೆ

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಯರಗಟ್ಟಿಯ ಬಸ್ಸು ಹತ್ತಿ ಕಿಟಕಿಯ ಬದಿ ಕುಳಿತ ಮೇಲೂ ಮಂಜುಳಾಗೆ ತಾನು ನಿಜವಾಗಿ ಹೊರಟಿದ್ದೇನೆಂದು ಅನ್ನಿಸಲಿಲ್ಲ. ಇನ್ನೂ ಇಳಿದುಬಿಡಬಹುದಿತ್ತು. ಶನಿವಾರವಾದ್ದರಿಂದ ಕಾಲೇಜಿನ ಪಾಠಗಳು ಬೆಳಿಗ್ಗೆಯೇ ಮುಗಿದಿದ್ದವು, ಬಿ.ಎಸ್ಸಿ. ಎರಡನೆಯ ವರ್ಷದವರ ಪ್ರಯೋಗದ ವಹಿಗಳು ಅವಳ ಮೇಜಿನ ಮೇಲೆ ತಿದ್ದಲು ಕಾದಿದ್ದವು. ಕಂಡಕ್ಟರ್ ಬಂದು ಎಲ್ಲಿಗೆಂದು ಕೇಳಿದಾಗ ಒಂದು ಕ್ಷಣ ತಡೆದು 'ಯರಗಟ್ಟಿ' ಎಂದಳು, ಸಾಲಹಳ್ಳಿ ಎನ್ನಲಿಲ್ಲ. ಯರಗಟ್ಟಿಗೆ ಯಾರು ಬೇಕಾದರೂ ಹೋಗುತ್ತಾರೆ. ಅಲ್ಲಿಗೆ ಹೋದ ಮೇಲೆ ಮನಸ್ಸು ಬದಲಾದರೆ ಸವದತ್ತಿಯ ತವರುಮನೆಗೆ ತಿರುಗಬಹುದು, ಅವ್ವನ ಕೈಯ ರೊಟ್ಟಿ ತಿಂದು ನಾಳೆ ವಾಪಸಾಗಬಹುದು. ಯಾವ ಕೆಲಸಕ್ಕೆ ಹೊರಟರೂ ಮೊದಲು ತಪ್ಪಿಸಿಕೊಳ್ಳುವ ದಾರಿಯನ್ನು ನೋಡಿಟ್ಟುಕೊಳ್ಳುವ ಈ ಚಾಳಿ ತನಗೆ ಎಂದಿನಿಂದ ಅಂಟಿತೋ ಎಂದು ಯೋಚಿಸುತ್ತಿರುವಾಗಲೇ ಬಸ್ಸು ಹೊರಟಿತು. ಮುಂದಿನ ಸೀಟಿನಲ್ಲಿದ್ದ ಮುದುಕಿಯ ಮಡಿಲಲ್ಲಿ ಮೆಂತ್ಯೆ ಸೊಪ್ಪಿನ ಸೂಡು ಇತ್ತು. ಅದರ ಕಹಿ ವಾಸನೆ ಊರು ದಾಟುವ ತನಕ ಮೂಗಿನಲ್ಲಿ ನಿಂತಿತು.

ಆ ಇಮೇಲ್ ಬಂದು ಮೂರು ವಾರವಾಗಿತ್ತು. ಉತ್ತರದ ಕಡೆಯ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಸಪ್ನಾ ಎಂಬ ಹುಡುಗಿ ಬರೆದದ್ದು. ಎಂಟು ವರ್ಷದ ಹಿಂದೆ ನೀವು ಪ್ರಕಟಿಸಿದ ಲೇಖನದಲ್ಲಿ ಹೇಳಿದ ಹಾಗೆಯೇ ನಾನು ಏಳು ಸಲ ಹರಳು ಬೆಳೆಸಿದೆ. ತೂಕ, ಉಷ್ಣತೆ, ಗಂಟೆಗೆ ಎರಡು ಡಿಗ್ರಿಯಂತೆ ತಣಿಸುವುದು, ಎಲ್ಲ ನಿಮ್ಮ ಪ್ರಕಾರವೇ. ಏಳು ಸಲವೂ ಒಳಗೆ ವಿದ್ಯುತ್ ಹರಿಯುತ್ತಿದೆ. ನನ್ನ ಕೈಯಲ್ಲೇ ಏನೋ ದೋಷವಿದೆ ಎಂದು ನಮ್ಮ ಗೈಡ್ ಹೇಳುತ್ತಿದ್ದಾರೆ, ಮಾರ್ಚಿಗೆ ನನ್ನ ಅವಧಿ ಮುಗಿಯುತ್ತದೆ, ಲೇಖನದಲ್ಲಿ ಬರೆಯದ ಯಾವುದಾದರೂ ಸಣ್ಣ ಸಂಗತಿ ನಿಮಗೆ ನೆನಪಿದ್ದರೆ ದಯವಿಟ್ಟು ತಿಳಿಸಿ. ಇಷ್ಟೇ. ಎಲ್ಲಿಯೂ ಆಪಾದನೆಯ ಮಾತಿರಲಿಲ್ಲ. 'ನನ್ನ ಕೈಯಲ್ಲೇ ದೋಷ' ಎಂಬಲ್ಲಿಗೆ ಬಂದಾಗಲೆಲ್ಲ ಮಂಜುಳಾ ಫೋನನ್ನು ಬೋರಲು ಹಾಕಿಬಿಡುತ್ತಿದ್ದಳು.

ಬಿಸ್ಮತ್ ಮತ್ತು ಸೆಲೆನಿಯಮ್ ಕೂಡಿ ಆಗುವ ಆ ಹರಳು ಅಭ್ರಕದಂತೆ ಪದರು ಪದರಾಗಿರುತ್ತದೆ. ಟೇಪು ಅಂಟಿಸಿ ಎಳೆದರೆ ಒಂದು ಪದರು ಎದ್ದುಬಂದು ಕೆಳಗೆ ಕನ್ನಡಿಯಂಥ ಹೊಸ ಮೈ ಕಾಣುತ್ತದೆ. ಅದರ ಒಳಗೆ ವಿದ್ಯುತ್ ಹರಿಯಬಾರದು, ಮೇಲ್ಮೈಯಲ್ಲಿ ಮಾತ್ರ ಹರಿಯಬೇಕು. ಮೇಲ್ಮೈಯನ್ನು ಕಿತ್ತರೆ ಹೊಸ ಮೇಲ್ಮೈಯಲ್ಲಿ ಅದೇ ಹರಿವು ಮತ್ತೆ ಇರುತ್ತದೆ. ಅದು ಹೊರಗಿನಿಂದ ಬಳಿದದ್ದಲ್ಲ, ಒಳಗಿನ ಪರಮಾಣುಗಳ ಜೋಡಣೆಯಿಂದಲೇ ಬಂದದ್ದು. ಅಲ್ಲಿ ಓಡುವ ಇಲೆಕ್ಟ್ರಾನು ದಾರಿಯಲ್ಲಿ ಕೊಳೆಯೋ ತಗ್ಗೋ ಸಿಕ್ಕಿತೆಂದು ತಟ್ಟನೆ ಹಿಂದಕ್ಕೆ ತಿರುಗುವಂತಿಲ್ಲ. ಇದಿಷ್ಟು ಪುಸ್ತಕದ ಮಾತು. ಕೈಯಲ್ಲಿ ಬೆಳೆಸಿದ ಹರಳು ಪುಸ್ತಕದ ಮಾತು ಕೇಳುವುದಿಲ್ಲ. ಬಿಸಿಗೆ ಸೆಲೆನಿಯಮ್ ಸ್ವಲ್ಪ ಸ್ವಲ್ಪವಾಗಿ ತಪ್ಪಿಸಿಕೊಂಡು ಹೋಗುತ್ತದೆ, ಅದು ಬಿಟ್ಟುಹೋದ ಖಾಲಿ ಜಾಗಗಳಿಂದಾಗಿ ಒಳಗೆಲ್ಲ ವಿದ್ಯುತ್ ಹರಿದು, ಮೇಲ್ಮೈಯ ಹರಿವು ಆ ಗದ್ದಲದಲ್ಲಿ ಅಳತೆಗೇ ಸಿಗುವುದಿಲ್ಲ. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಮಂಜುಳಾ ಇಪ್ಪತ್ತಾರು ಗಾಜಿನ ಕೊಳವೆಗಳಲ್ಲಿ ಬೆಳೆಸಿದ ಹರಳುಗಳೆಲ್ಲ ಹೀಗೇ ಕೆಟ್ಟಿದ್ದವು. ಇಪ್ಪತ್ತೇಳನೆಯದು ಮಾತ್ರ ಒಳಗೆ ನಿಶ್ಶಬ್ದವಾಗಿತ್ತು. ಅದನ್ನು ಗೈಡ್ ವಿರೂಪಾಕ್ಷ ಸರ್ ವಿದೇಶಕ್ಕೆ ಒಯ್ದು, ಬೆಳಕು ಹಾಯಿಸಿ ಇಲೆಕ್ಟ್ರಾನುಗಳನ್ನು ಹೊರಗೆಡಹುವ ದೊಡ್ಡ ಯಂತ್ರದಲ್ಲಿ ತೆಗೆಸಿ ತಂದ ಚಿತ್ರದಲ್ಲಿ ಮೇಲ್ಮೈಯ ಹರಿವಿನ ಗುರುತಾದ ಎರಡು ಗೆರೆಗಳು ಒಂದನ್ನೊಂದು ಅಡ್ಡ ಹಾಯ್ದು ಹೋಗಿದ್ದವು, ಎಷ್ಟು ಸ್ವಚ್ಛವಾಗಿ ಎಂದರೆ ಯಾರೋ ಸ್ಕೇಲು ಇಟ್ಟು ಎಳೆದ ಹಾಗೆ. ಆ ಚಿತ್ರ ಈಗ ಕಾಲೇಜಿನಲ್ಲಿ ಅವಳ ಕುರ್ಚಿಯ ಹಿಂದೆ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಆ ಚಿತ್ರದಿಂದಲೇ ಡಿಗ್ರಿ, ಆ ಚಿತ್ರದಿಂದಲೇ ನೌಕರಿ.

ಆ ಇಪ್ಪತ್ತೇಳನೆಯ ಕೊಳವೆ ಫರ್ನೇಸಿನಲ್ಲಿದ್ದ ಒಂಬತ್ತು ದಿನ ಅವಳು ಲ್ಯಾಬಿನಲ್ಲಿರಲೇ ಇಲ್ಲ. ಸವದತ್ತಿಯಲ್ಲಿ ತಂಗಿಯ ಮದುವೆ. ಸರ್ ರಜೆ ಕೊಟ್ಟಿರಲಿಲ್ಲ, ಅವರು ಊರಲ್ಲಿಲ್ಲದ ಸಮಯ ನೋಡಿ ಹೊರಟುಬಿಟ್ಟಿದ್ದಳು. 'ಶಟ್ಟೆಪ್ಪ, ಸ್ವಲ್ಪ ನೋಡ್ಕೊ' ಎಂದು ಲ್ಯಾಬಿನ ಸಹಾಯಕನಿಗೆ ಹೇಳಿ. ತಿರುಗಿ ಬಂದಾಗ ಅವನು ಕೊಳವೆಯನ್ನು ಆಗಲೇ ಒಡೆದು ಹರಳನ್ನು ತಟ್ಟೆಯಲ್ಲಿಟ್ಟಿದ್ದ. ನಾನಿಲ್ಲದೆ ಯಾಕೆ ಒಡೆದೆ ಎಂಬ ಮಾತು ಗಂಟಲ ತನಕ ಬಂದಿತ್ತು. ಆದರೆ ಕೇಳಿದರೆ, ನೀವು ಎಲ್ಲಿದ್ದಿರಿ ಎಂಬ ಪ್ರಶ್ನೆ ಅವನ ಮುಖದಲ್ಲಾದರೂ ಮೂಡೀತೆಂದು ನುಂಗಿಕೊಂಡಳು. ಕೈಗೆ ಇನ್ನೂ ಮದುವೆಯ ಮೆಹಂದಿ ಇತ್ತು. ಅದೇ ಕೈಯಿಂದ ಒಂಬತ್ತು ದಿನದ ಉಷ್ಣತೆಯ ದಾಖಲೆಯನ್ನು ಒಂದೇ ಮಧ್ಯಾಹ್ನ ಕುಳಿತು ಬರೆದಳು, ಬೆಳಿಗ್ಗೆಯದು ನೀಲಿ ಪೆನ್ನಿನಲ್ಲಿ, ಸಂಜೆಯದು ಕಪ್ಪು ಪೆನ್ನಿನಲ್ಲಿ, ನಡುವೆ ಎರಡು ಕಡೆ ಬೇಕೆಂತಲೇ ಕಾಟು ಹೊಡೆದು. ಬೇಕೆಂತಲೇ ಹೊಡೆದ ಆ ಕಾಟುಗಳು ಇಷ್ಟು ವರ್ಷಗಳ ಮೇಲೂ ಅವಳಿಗೆ ಉಳಿದೆಲ್ಲದಕ್ಕಿಂತ ಸ್ಪಷ್ಟವಾಗಿ ಕಾಣುತ್ತಿದ್ದವು.

ಹೋದ ವಾರ ಧೈರ್ಯ ಮಾಡಿ ವಿರೂಪಾಕ್ಷ ಸರ್‌ಗೆ ಫೋನ್ ಮಾಡಿದ್ದಳು. ಸಪ್ನಾಳ ಇಮೇಲಿನ ವಿಷಯ ಹೇಳಿದಳೇ ಹೊರತು ಒಂಬತ್ತು ದಿನಗಳ ಮಾತು ಎತ್ತಲಾಗಲಿಲ್ಲ. ಅವರು ನಕ್ಕು, ನಿಮ್ಮ ಫರ್ನೇಸು ಸರಿಯಿಲ್ಲ ಅಂತ ಆ ಹುಡುಗಿಗೆ ಬರೆದು ಕೈತೊಳಕೋ ಎಂದಿದ್ದರು. ಹಾಗೆ ಬರೆದೂ ಇಟ್ಟಿದ್ದಳು. ಕಳಿಸಲಾಗಲಿಲ್ಲ. ಆ ಹುಡುಗಿ ಎಂಟನೆಯ ಸಲ ಫರ್ನೇಸನ್ನು ಬಿಚ್ಚಿ, ತಂತಿ ಬದಲಿಸಿ, ಮತ್ತೆ ಒಂಬತ್ತು ದಿನ ಕಾಯುವುದು ಕಣ್ಣಿಗೆ ಕಟ್ಟಿತು. ಆ ದಿನಗಳಲ್ಲಿ ನಿಜವಾಗಿ ಏನಾಯಿತೆಂದು ಬಲ್ಲವನು ಶಟ್ಟೆಪ್ಪ ಒಬ್ಬನೇ. ಪ್ರಾಜೆಕ್ಟು ಮುಗಿದಾಗ ಅವನನ್ನು ಕೆಲಸದಿಂದ ಬಿಡಿಸಿದ್ದರು. ಸಾಲಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದಾನೆಂದು ಲ್ಯಾಬಿನ ಹಳೆಯ ಜವಾನ ಹೇಳಿ ನಂಬರು ಕೊಟ್ಟಿದ್ದ. ಫೋನಿನಲ್ಲಿ ಶಟ್ಟೆಪ್ಪ, ಬರ್ರಿ ಮೇಡಮ್ಮಾರ, ಹೊಲದಾಗ ಸೀತನಿ ಬಂದಾವ, ತಿಂದ ಹೋಗೀರಂತ ಎಂದಿದ್ದ. ಯಾಕೆ ಬರುತ್ತೀರಿ ಎಂದು ಕೇಳಿರಲಿಲ್ಲ.

ಯರಗಟ್ಟಿಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಸವದತ್ತಿಯ ಬಸ್ಸು ಎದುರಿಗೇ ನಿಂತಿತ್ತು, ಅರ್ಧ ಖಾಲಿ. ಅದರ ಬಾಗಿಲ ತನಕ ಹೋಗಿ, ಚಪ್ಪಲಿಯೊಳಗೆ ಸೇರಿದ ಹರಳುಕಲ್ಲನ್ನು ಕೊಡವಿ ತೆಗೆಯುವ ನೆವದಲ್ಲಿ ನಿಂತಳು. ಅವಳನ್ನು ಆಗ ಕಾಡಿದ್ದು ಬೇರೆಯೇ ಒಂದು ಸಣ್ಣ ವಿಷಯ: ಅವನನ್ನು ಏನೆಂದು ಮಾತಾಡಿಸುವುದು? ಲ್ಯಾಬಿನಲ್ಲಿ ಎಲ್ಲರೂ ಅವನಿಗೆ ಏಕವಚನ. ಸರ್ ಹಾಗೆ ಕರೆಯುತ್ತಿದ್ದರು, ಅವಳೂ ಹಾಗೇ ಕರೆದಳು, ತನಗಿಂತ ಇಪ್ಪತ್ತು ವರ್ಷ ದೊಡ್ಡವನನ್ನು. ಸವದತ್ತಿಯ ಅಂಗಡಿಯಲ್ಲಿ ಅವಳ ಅಪ್ಪ ನಿಜಗುಣಪ್ಪ, ಹಮಾಲನಿಗೂ 'ಬರ್ರಿ' ಎನ್ನುತ್ತಿದ್ದ. ಅದನ್ನು ನೋಡಿ ಬೆಳೆದವಳು ಓದಿದ ಮೇಲೆ ಯಾಕೆ ಬಿಟ್ಟಳೋ. ಈಗ ಒಮ್ಮೆಲೆ 'ನೀವು' ಎಂದರೆ ತನ್ನ ಕೆಲಸ ಸಾಧಿಸಲು ಬಂದವಳು ಎಂದು ಗೊತ್ತಾಗುವುದಿಲ್ಲವೇ? ಸಾಲಹಳ್ಳಿಯ ಮೇಲೆ ಹೋಗುವ ರಾಮದುರ್ಗದ ಬಸ್ಸು ಬಂತು. ಜನರ ನೂಕಿನಲ್ಲಿ ಹತ್ತಿಬಿಟ್ಟಳು.

ಸಾಲಹಳ್ಳಿಯಲ್ಲಿ ಶಟ್ಟೆಪ್ಪನ ಮನೆಯನ್ನು ಯಾರೂ ತೋರಿಸಬೇಕಾಗಲಿಲ್ಲ. ಅವನ ಹೆಂಡತಿ ರಾಮವ್ವ ನಿಲುಗಡೆಗೇ ಬಂದು ನಿಂತಿದ್ದಳು. ನಿಮ್ಮನ್ನ ಫೋಟೋದಾಗ ನೋಡೇನಿ ಎಂದು ಅವಳು ಕೈಚೀಲವನ್ನು ಇಸಿದುಕೊಂಡು ಮುಂದೆ ನಡೆದಳು. ಯಾವ ಫೋಟೋ ಎಂದು ಮಂಜುಳಾ ಕೇಳಿದಳು. ಪೇಪರಿನಲ್ಲಿ ಬಂದದ್ದಂತೆ, ಸರ್ ಮತ್ತು ಅವಳು ಫರ್ನೇಸಿನ ಪಕ್ಕ ನಿಂತದ್ದು. ಅದನ್ನು ಕತ್ತರಿಸಿ ಮಗಳು ಮಾಲಾ ಗೋಡೆಗೆ ಅಂಟಿಸಿದ್ದಳಂತೆ, ಅಪ್ಪನ ಮಷಿನು ಎಂದು. ಹೊಲದ ದಾರಿಯಲ್ಲಿ ಎರಡೂ ಬದಿಗೆ ಬಿಳಿಜೋಳ ಎದೆಯ ಮಟ್ಟ ನಿಂತಿತ್ತು. ಬದುವಿನ ಮೇಲೆ, ಬನ್ನಿಗಿಡದ ನೆರಳಲ್ಲಿ, ಶಟ್ಟೆಪ್ಪ ಸಗಣಿ ಕುಳ್ಳಿನ ಕೆಂಡದಲ್ಲಿ ಸೀತನಿಗೆಂದು ಜೋಳದ ಎಳೆ ತೆನೆಗಳನ್ನು ಸುಡುತ್ತಿದ್ದ. ತಲೆ ಪೂರ್ತಿ ನೆರೆತಿತ್ತು. ಎದ್ದು ನಿಂತು ಕೈಮುಗಿದ. "ಕುಂದರ್ರಿ ಮೇಡಮ್ಮಾರ" ಎಂದು ಕಂಬಳಿ ಹಾಸಿದ. ಅವಳು "ಆರಾಮ ಅದೀರಿ?" ಎಂದಳು. ಆ 'ರಿ' ಅವಳ ಕಿವಿಗೆ ಜೋರಾಗಿ ಕೇಳಿಸಿತು. ಅವನು ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಸುಟ್ಟ ತೆನೆಯನ್ನು ರಾಮವ್ವ ಕೈಯಲ್ಲಿ ಬಡಿದು ಕಾಳುದುರಿಸಿ, ಶೇಂಗಾ ಚಟ್ನಿ ಬೆಲ್ಲದ ಜೊತೆ ಮುತ್ತುಗದ ಎಲೆಯ ಮೇಲೆ ಇಟ್ಟಳು. ಹಸಿರು ಕಾಳು ಬಾಯಲ್ಲಿ ಸಿಹಿಯಾಗಿ ಒಡೆಯುತ್ತಿತ್ತು. ಮಂಜುಳಾ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಅವನು ಕೆಂಡದ ಹತ್ತಿರ ತೆನೆಯನ್ನು ಅವಸರವಿಲ್ಲದೆ ತಿರುಗಿಸುತ್ತಿದ್ದ. ಇದೇ ಕೈಗಳು ಗ್ಯಾಸಿನ ಉರಿಯಲ್ಲಿ ಕೊಳವೆಯ ಬಾಯನ್ನು ತಿರುಗಿಸುತ್ತ ತಿರುಗಿಸುತ್ತ ಮುಚ್ಚುತ್ತಿದ್ದವು, ಲ್ಯಾಬಿನಲ್ಲಿ ಬೇರೆ ಯಾರಿಗೂ ಬಾರದ ಕೆಲಸ. ಲೇಖನದ ಕೊನೆಯಲ್ಲಿ ಅವಳು ಎಂಟು ಜನರಿಗೆ ಕೃತಜ್ಞತೆ ಹೇಳಿದ್ದಳು. ಆ ಎಂಟರಲ್ಲಿ ಅವನಿರಲಿಲ್ಲ. ಬೇಕೆಂತಲೇ ಬಿಟ್ಟದ್ದಲ್ಲ, ನೆನಪೇ ಆಗಿರಲಿಲ್ಲ. ಬೇಕೆಂತಲೇ ಬಿಟ್ಟಿದ್ದರೆ ವಾಸಿ ಇತ್ತೇನೋ ಎಂದು ಈಗ ತೋರಿತು.

ಅವಳು ಸಪ್ನಾಳ ವಿಷಯ ಹೇಳಿದಳು. ಏಳು ಸಲ ಎಂದಾಗ ಅವನ ಕೈ ನಿಂತಿತು. ಏಳೂ ಕೊಳವೆಯಲ್ಲಿ ಮೇಲ್ತುದಿಗೆ ಕರ್ರಗೆ ಹೊಗೆ ಹಿಡಿದಿತ್ತೇ ಎಂದು ಕೇಳಿದ. ಅದು ತನಗೆ ಗೊತ್ತಿಲ್ಲ ಎಂದಳು. ಅವನು ರಾಮವ್ವನ ಕಡೆ ನೋಡಿದ. ಅವಳು ಎದ್ದು, ನೀರು ತರುವ ನೆವದಲ್ಲಿ ಬಾವಿಯ ಕಡೆ ಹೋದಳು. ಅಂದರೆ ಅವಳಿಗೆ ಗೊತ್ತಿದೆ, ಏನೋ ಇದೆ, ಎಂದು ಮಂಜುಳಾಗೆ ಅನಿಸಿತು.

"ಇಪ್ಪತ್ತೇಳನೇ ಕೊಳವಿ ಒಡದಿತ್ರಿ," ಎಂದ ಶಟ್ಟೆಪ್ಪ.

ಅವಳಿಗೆ ತಿಳಿಯಲಿಲ್ಲ. ಒಡೆದು ತಾನೇ ಹರಳು ತೆಗೆದದ್ದು?

"ಹಂಗಲ್ರಿ. ನೀವ ಹೋದ ನಾಕನೇ ದಿನ ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಬಂದಕೂಡ್ಲೆ ಫರ್ನೇಸ್ ಒಮ್ಮೆಲೆ ಏರಿತು. ಒಳಗ ಟಪ್ ಅಂತು. ತಗದ ನೋಡಿದ್ರ ಉದ್ದಕ ಸೀಳಿತ್ತು, ಒಳಗಿನ ಮಾಲೆಲ್ಲಾ ಸುಟ್ಟ ಹಾಳಾಗಿತ್ತು."

"ಹಂಗಾದ್ರ ತಟ್ಟಿಯೊಳಗ ಇದ್ದದ್ದು?"

"ಅದು ನಾ ಬೆಳಸಿದ್ದರಿ."

ಜೋಳದ ಮೇಲೆ ಗಾಳಿ ಒಮ್ಮೆ ಹಾದು ಹೋಯಿತು. ಮಂಜುಳಾಗೆ ಮೊದಲು ಆದದ್ದು ಸಿಟ್ಟು. ಆ ಸಿಟ್ಟು ಅರ್ಧ ಏರುವಷ್ಟರಲ್ಲಿ, ಎರಡು ಬಣ್ಣದ ಪೆನ್ನುಗಳು ನೆನಪಾಗಿ, ಅದಕ್ಕೆ ನಿಲ್ಲಲು ಜಾಗವಿಲ್ಲದಂತಾಯಿತು. ಅವನು ಕೆಂಡ ಕೆದಕುತ್ತ, ಅವಳ ಮುಖ ನೋಡದೆ, ಎಲ್ಲ ಹೇಳಿದ. ಹಿಂದಿನ ಕೋಣೆಯಲ್ಲಿ ಬೇಡವೆಂದು ಇಟ್ಟ ಹಳೆಯ ಫರ್ನೇಸು ಒಂದಿತ್ತು. ಅದನ್ನು ಬಿಡುವಾದಾಗ ರಿಪೇರಿ ಮಾಡಿಕೊಂಡಿದ್ದ. ಕೆಟ್ಟ ಕೊಳವೆಗಳಿಂದ ಉಳಿದ ಚೂರುಗಳನ್ನು ಎಸೆಯದೆ ಕೂಡಿಹಾಕಿದ್ದ. ಪ್ರತಿ ಕೊಳವೆಯಲ್ಲೂ ಮೇಲಿನ ಖಾಲಿ ಭಾಗದ ಗಾಜಿಗೆ ಕಪ್ಪು ಹಿಡಿದಿರುವುದನ್ನು ಅವನು ಇಪ್ಪತ್ತಾರು ಸಲ ನೋಡಿದ್ದ, ತೊಳೆದಿದ್ದ. ಆ ಕಪ್ಪು ಎಲ್ಲಿಂದ ಬಂತು? ಒಳಗಿನದೇ ಮೇಲೆ ಹೋಗಿ ಕೂತದ್ದು. ಹೋಗಲು ಜಾಗ ಇದ್ದದ್ದಕ್ಕೆ ತಾನೇ ಹೋಯಿತು? ಕೊಳವೆಯನ್ನೇ ಗಿಡ್ಡ ಮಾಡಿದರೆ? ಹಾಗೆಂದು, ಅವಳು ಮದುವೆಗೆ ಹೋಗುವ ಎಷ್ಟೋ ದಿನ ಮೊದಲೇ, ಚೂರುಗಳನ್ನು, ಮೇಲಿಷ್ಟು ಸೆಲೆನಿಯಮ್ಮನ್ನು, ಮಾಲಿನ ಮೇಲೆ ಒಂದು ಬೆರಳಿನಷ್ಟೂ ಖಾಲಿ ಬಿಡದೆ ಗಿಡ್ಡ ಕೊಳವೆಯಲ್ಲಿ ತುಂಬಿ ಬಾಯಿ ಮುಚ್ಚಿದ. ಒಂದು ದಿನ ಪೂರ್ತಿ ಕರಗಿಸಿ, ಆಮೇಲೆ ಉರಿ ಇಳಿಸಿ, ಇಪ್ಪತ್ತೆರಡು ದಿನ ಒಂದೇ ಬಿಸಿಯಲ್ಲಿ ಇಟ್ಟ.

"ಎಷ್ಟ ಡಿಗ್ರಿ ಇಟ್ಟಿದ್ರಿ?"

"ಅದರ ಮೀಟರ ಸುಳ್ಳ ಹೇಳತಿತ್ತರಿ. ನಾ ಕಣ್ಣಿನ ಮ್ಯಾಲೆ ಇಟ್ಟೆ. ದೀಪಾ ಆರಿಸಿ ಕತ್ತಲಿ ಮಾಡಿ ನೋಡಬೇಕು, ಕೆಂಪ ಕಾಣಬಾರ್ದು. ಕಾಣೂಕಿಂತ ಒಂಚೂರು ಕೆಳಗ."

ಐನೂರು, ಎಂದು ಅವಳ ಮನಸ್ಸು ತಾನಾಗಿ ಲೆಕ್ಕ ಹಾಕಿತು; ಐನೂರು, ಹೆಚ್ಚೆಂದರೆ ಐನೂರ ಹತ್ತು. ಹೋದ ಸೆಲೆನಿಯಮ್ ತನ್ನ ಜಾಗಕ್ಕೆ ಮರಳಲು ಇಪ್ಪತ್ತೆರಡು ದಿನ. ಆರು ವರ್ಷ ಓದಿ ಅವಳು ಕೇಳಿಕೊಳ್ಳದ ಪ್ರಶ್ನೆಯನ್ನು ಗಾಜು ತೊಳೆಯುತ್ತ ಅವನು ಕೇಳಿಕೊಂಡಿದ್ದ. ಆ ಕಪ್ಪನ್ನು ಅವಳೂ ನೋಡಿದ್ದಳು, ಹಳ್ಳಿಯ ದೀಪದ ಬುರುಡೆಗೆ ಮಸಿ ಹಿಡಿದದ್ದನ್ನು ನೋಡುವಂತೆ. ತೊಳೆಯಬೇಕಾದ ವಸ್ತು ಎಂದು.

ಒಡೆದ ದಿನವೇ ಯಾಕೆ ಹೇಳಲಿಲ್ಲವೆಂದು ಕೇಳಿದಳು. ಅವನು ಅದರ ಹಿಂದಿನ ತಿಂಗಳು ತನ್ನ ಕೈಯಲ್ಲಿ ಒಂದು ಕೊಳವೆ ಒಡೆದದ್ದನ್ನು ಹೇಳಿದ. ಆಗ ಎಂ.ಎಸ್ಸಿ. ಹುಡುಗರ ಮುಂದೆ ಅವಳು, ಇದು ನಿನ್ನ ಹೊಲದಾಗ ಹೊಡಿಯೂ ಕೂರಿಗಿ ಅಲ್ಲ, ಎಂದಿದ್ದಳಂತೆ. ಹುಡುಗರು ನಕ್ಕಿದ್ದರಂತೆ. ಅವನ ದನಿಯಲ್ಲಿ ದೂರಿರಲಿಲ್ಲ, ಹಿಂದೆ ಒಂದು ಮಳೆ ಬಂದದ್ದನ್ನು ಹೇಳಿದ ಹಾಗೆ. ಮಂಜುಳಾ ನೆನಪಿನಲ್ಲಿ ತಡಕಾಡಿದಳು. ಒಡೆದ ಕೊಳವೆ ನೆನಪಿತ್ತು, ಹುಡುಗರು ಇದ್ದದ್ದು ನೆನಪಿತ್ತು. ಆ ಮಾತು ಎಲ್ಲಿಯೂ ಇರಲಿಲ್ಲ. ತಾನು ಆಡಿದ ಮಾತು ಇನ್ನೊಬ್ಬರ ಮನೆಯಲ್ಲಿ ಎಂಟು ವರ್ಷ ಇದ್ದು, ತನ್ನಲ್ಲಿ ಒಂದು ಚೂರೂ ಉಳಿಯದೆ ಹೋದದ್ದು ಅವಳನ್ನು ಆಡಿದ ಮಾತಿಗಿಂತ ಹೆಚ್ಚು ನಾಚಿಸಿತು.

"ಇನ್ನೊಂದ ಒಡದಾನ ಅಂದ್ರ ಏನಂತೀರಿ ಅನ್ನೂ ಅಂಜಿಕಿರಿ. ಅದ ವಾರ ನಂದು ತಯಾರಾಗಿತ್ತು, ಛಂದ ಇತ್ತು. ತಟ್ಟಿಯೊಳಗ ಇಟ್ಟೆ. ಆಮ್ಯಾಲ ಸರ್ ಫಾರಿನ್‌ದಿಂದ ಬಂದು ಪೇಢೆ ಹಂಚಿದ್ರು, ನೀವ ನನಗೂ ಎರಡ ಕೊಟ್ರಿ. ಅವಾಗ ಹೇಳಿದ್ರ ಎಲ್ಲಾರ್ದೂ ಬಾಯಿ ಕಹಿ ಆಕ್ಕಿತ್ತು."

ಅವಳಿಗೆ ಈಗ ತನ್ನದನ್ನೂ ಹೇಳದೆ ಅಲ್ಲಿ ಕೂಡಲಾಗಲಿಲ್ಲ. ಆ ಒಂಬತ್ತು ದಿನದ ದಾಖಲೆ ನಾನು ಬಂದ ಮೇಲೆ ಕೂತು ಬರೆದದ್ದು, ಒಂದು ಅಂಕಿಯೂ ನಿಜವಲ್ಲ, ಎಂದಳು. ಯಾರಿಗೂ, ಗಂಡನಿಗೂ, ಹೇಳದ ಮಾತು. ಹೇಳುವಾಗ ದನಿ ತನ್ನದಲ್ಲದ ಹಾಗೆ ಸಣ್ಣಗಿತ್ತು.

"ಗೊತ್ತೈತ್ರಿ," ಎಂದ ಅವನು. "ನೀವ ಬರಿಯೂ ಮುಂದ ನಾ ಅಲ್ಲೇ ಕಸಾ ಹೊಡಿಯಾಕ ಹತ್ತಿದ್ದೆ."

ಆ ಕೋಣೆಯನ್ನು ಅವಳು ಸಾವಿರ ಸಲ ನೆನೆದಿದ್ದಳು: ಮೇಜು, ಎರಡು ಪೆನ್ನು, ಮೆಹಂದಿಯ ಕೈ, ಮುಚ್ಚಿದ ಬಾಗಿಲು. ಆ ನೆನಪಿನಲ್ಲಿ ಅವಳು ಒಬ್ಬಳೇ ಇದ್ದಳು. ಈಗ ಮೂಲೆಯಲ್ಲಿ ಕಸಬರಿಗೆ ಹಿಡಿದು ಬಗ್ಗಿದ ಒಬ್ಬ ಮನುಷ್ಯ ನಿಧಾನವಾಗಿ ಮೂಡಿ, ಹೋಗದೆ ನಿಂತುಬಿಟ್ಟ. ಅಳು ಬರಲಿಲ್ಲ. ಎಲೆಯ ಮೇಲಿದ್ದ ಕಾಳನ್ನು ಒಂದೊಂದಾಗಿ ಹೆಕ್ಕಿ ತಿಂದಳು. ರಾಮವ್ವ ತಂಬಿಗೆ ತಂದು ಇಬ್ಬರ ಮುಖವನ್ನೂ ನೋಡಿ, ಮಾತು ಮುಗಿಯಿತೆಂದು ತಿಳಿದವಳಂತೆ ಕುಳಿತಳು.

ಆಮೇಲೆ ಕೆಲಸ ಸುಲಭವಾಯಿತು. ಮಂಜುಳಾ ಚೀಲದಿಂದ ಹಾಳೆ ತೆಗೆದು ಒಂದೊಂದೇ ಕೇಳಿದಳು, ಅವನು ಹೇಳಿದ. ಕೊಳವೆ ಎಷ್ಟು ಉದ್ದ? ನಾಲ್ಕು ಬೆರಳು. ಅವನ ಬೆರಳುಗಳನ್ನು ಹಾಳೆಯ ಮೇಲೆ ಇರಿಸಿ ಗೆರೆ ಎಳೆದುಕೊಂಡಳು. ಚೂರುಗಳನ್ನು ಮೊದಲು ತೊಳೆದದ್ದು ಯಾವುದರಿಂದ, ಕರಗಿದ ಮೇಲೆ ಎಷ್ಟು ಸಲ ಅಲುಗಿಸಿದ್ದು, ಕೊನೆಗೆ ಹೇಗೆ ತಣಿಸಿದ್ದು. ಗೊತ್ತಿಲ್ಲದ್ದನ್ನು ಅವನು ಗೊತ್ತಿಲ್ಲ ಎಂದ. ಸೆಲೆನಿಯಮ್ ಎಷ್ಟು ಹೆಚ್ಚು ಹಾಕಿದೆ ಎಂಬುದು ನೆನಪಿಲ್ಲ, ಅಂದಾಜು ಹೇಳಿ ಆ ಹುಡುಗಿಯನ್ನು ಮತ್ತೆ ಕಷ್ಟಕ್ಕೆ ಹಾಕಬೇಡಿ ಎಂದ. ಅವಳು ಹಾಳೆಯಲ್ಲಿ 'ನೆನಪಿಲ್ಲ' ಎಂದೇ ಬರೆದಳು. ದಾಖಲೆಯಲ್ಲಿ ಆ ಪದ ಬರೆದದ್ದು ಜೀವಮಾನದಲ್ಲಿ ಅದೇ ಮೊದಲು.

ಸಂಜೆಯ ಬಸ್ಸಿಗೆ ಅವನು ನಿಲುಗಡೆಯ ತನಕ ಬಂದ. ಲೇಖನ ಪ್ರಕಟಿಸಿದ ಪತ್ರಿಕೆಗೂ ಬರೆಯುತ್ತೇನೆ, ಸರ್‌ಗೂ ಬರೆಯುತ್ತೇನೆ, ಗಲಾಟೆಯಾಗಬಹುದು, ನಿಮ್ಮನ್ನೂ ಕೇಳಬಹುದು ಎಂದು ಹೇಳಿದಳು. ಕೇಳಿದರ ಹೇಳತೇನಿ ಎಂದ. ನಿಮ್ಮ ನೌಕರಿಗೆ ಏನೂ ಆಗೂದಿಲ್ಲಲ್ರಿ ಎಂದು ಕೇಳಿದ. ಅವಳು ಗೊತ್ತಿಲ್ಲ ಎಂದಳು. ಅದನ್ನು ಹೇಳುವಾಗ ನಾಲ್ಕಾರು ತಪ್ಪಿಸಿಕೊಳ್ಳುವ ದಾರಿಗಳು ಎಂದಿನಂತೆ ತಲೆಯಲ್ಲಿ ಸಾಲಾಗಿ ನಿಂತವು. ಅವುಗಳನ್ನು ನೋಡಿದಳು, ಅಷ್ಟೇ.

ಯರಗಟ್ಟಿಯಲ್ಲಿ ಬೈಲಹೊಂಗಲದ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಕಲ್ಲುಬೆಂಚಿನ ಮೇಲೆ ಕುಳಿತು, ಫರ್ನೇಸು ಸರಿಯಿಲ್ಲ ಎಂಬ ಹಳೆಯ ಕರಡನ್ನು ಅಳಿಸಿ, ಸಪ್ನಾಗೆ ಬರೆಯತೊಡಗಿದಳು. ನಿನ್ನ ಕೈಯಲ್ಲಿ ದೋಷವಿಲ್ಲ. ಲೇಖನದಲ್ಲಿ ಬರೆದ ವಿಧಾನದಿಂದ ಆ ಹರಳು ಬೆಳೆದದ್ದೇ ಅಲ್ಲ. ಆ ದಿನಗಳಲ್ಲಿ ನಾನು ಲ್ಯಾಬಿನಲ್ಲಿರಲಿಲ್ಲ. ದಾಖಲೆಯನ್ನು ಸುಳ್ಳಾಗಿ ತುಂಬಿದವಳು ನಾನು. ವಾಕ್ಯಗಳು ಅವಳು ಹೆದರಿದ್ದಕ್ಕಿಂತ ಚಿಕ್ಕವಾಗಿದ್ದವು. ಆ ಹರಳನ್ನು ಬೆಳೆಸಿದವರು, ಎಂದು ಟೈಪು ಮಾಡಿ, 'ಶಟ್ಟೆಪ್ಪ' ಎಂಬಲ್ಲಿಗೆ ಬೆರಳು ನಿಂತಿತು. ಮುಂದೆ? ಆರು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ್ದರು. ಫೋನಿನಲ್ಲಿ ಅವನ ನಂಬರು 'ಶಟ್ಟೆಪ್ಪ ಲ್ಯಾಬ್' ಎಂದಿತ್ತು. ಅವಳು ಆ ನಂಬರಿಗೇ ಫೋನ್ ಮಾಡಿದಳು.

ನಿಮ್ಮ ಪೂರ್ತಿ ಹೆಸರೇನು ಎಂದು ಕೇಳಿದಾಗ ಆ ಕಡೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಯಾಕೆಂದು ಅವನು ಕೇಳಿದ. ಹೇಳಿದಳು. ಸಪ್ಪಳ ನಿಂತಿತು, ರಾಮವ್ವನೂ ಕೇಳಿಸಿಕೊಳ್ಳುತ್ತಿರಬೇಕು.

"ಶಟ್ಟೆಪ್ಪ ಮೇಟಿ ಅಂತ ಐತ್ರಿ," ಎಂದ. "ಆಧಾರಿನಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದ ನಮೂನಿ ಐತಿ, ರೇಷನ್ ಕಾರ್ಡಿನಾಗ ಇನ್ನೊಂದ ನಮೂನಿ. ಯಾವ್ದ ಹಾಕತೀರಿ?"

"ನೀವ ಹೇಳಿದ್ದ ಹಾಕತೇನಿ."

ಅವನು ಯೋಚಿಸಿದ. ಒಂದೊಂದೇ ಅಕ್ಷರವನ್ನು, ಸಾಲೆಯಲ್ಲಿ ಓದಿಸುವ ಹಾಗೆ, ಬಿಡಿಸಿ ಹೇಳಿದ. ಅವಳು ಹಾಗೇ ಬರೆದುಕೊಂಡು ತಿರುಗಿ ಓದಿ ಹೇಳಿದಳು. ಇಷ್ಟೇ ಸಾಕಲ್ಲವೇ ಎಂದು ಅವಳು ಫೋನ್ ಇಡುವಷ್ಟರಲ್ಲಿ ಅವನು ತಡೆದ.

"ನಡುವ ನಮ್ಮಪ್ಪನ ಹೆಸರ ಸೇರಸ್ರಿ ಮೇಡಮ್ಮಾರ. ಮಾಳಪ್ಪ. ಆತನ ಹೆಸರ ಹೊಲದ ಉತಾರದ ಕಾಗದ ಬಿಟ್ಟರ ಎಲ್ಲೂ ಇಲ್ರಿ."